ತೂಕದೊಳಗಿನ ಲೆಕ್ಕ: ಹುಟ್ಟು ಹಾಕುವ ಕ್ರೀಡೆಯಿಂದ ಹೇಮಾವತಿಯ ದಂಡೆಗೆ

ಒಬ್ಬರ ದೇಹತೂಕದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಮೂಳೆಯೆಷ್ಟು, ನೀರೆಷ್ಟು ಎಂದು ವಿಂಗಡಿಸಿ ನೋಡುವುದೇ ದೇಹ ಸಂಯೋಜನೆಯ ಅಧ್ಯಯನ. ತಕ್ಕಡಿ ಹೇಳುವುದು ಒಟ್ಟು ತೂಕವನ್ನು ಮಾತ್ರ. 50 ಕೆ.ಜಿ. ತೂಗುವ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಕೊಬ್ಬು 9 ಕೆ.ಜಿ. ಇರಬಹುದು, ಇನ್ನೊಬ್ಬಳದು 15 ಇರಬಹುದು. ಮೊದಲನೆಯವಳ ಬಳಿ ಕೆಲಸಕ್ಕೆ ಬರುವ ಅಂಗಾಂಶ 41 ಕೆ.ಜಿ., ಎರಡನೆಯವಳ ಬಳಿ 35. ಮೈದಾನದಲ್ಲೂ ನೀರಿನ ಮೇಲೂ ಕಾಫಿ ತೋಟದ ಏರಿನಲ್ಲೂ ಫಲಿತಾಂಶವನ್ನು ಬೇರೆ ಮಾಡುವುದು ಈ 6 ಕೆ.ಜಿ. ಅಂತರವೇ. ಕಾಲೇಜು ಮಟ್ಟದ ಕ್ರೀಡಾಪಟು ಹೆಣ್ಣುಮಕ್ಕಳ ಮೇಲೆ ನಡೆದಿರುವ ಇಂಥ ಅಧ್ಯಯನಗಳಲ್ಲಿ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಕ್ರೀಡೆಗೆ ವಿಶೇಷ ಸ್ಥಾನವಿದೆ. ಅಲ್ಲಿ ತೂಕವೇ ಸ್ಪರ್ಧೆಯ ನಿಯಮದೊಳಗೆ ಬಂದು ಕೂತಿತ್ತು. ಹಾಗಾಗಿ ಅಳೆಯುವವರಿಗೂ ಅಳೆಸಿಕೊಳ್ಳುವವರಿಗೂ ಬಿಡುವೇ ಇರಲಿಲ್ಲ.

ಶಾಸ್ತ್ರದ ಬಾಲ್ಯವನ್ನು ಬೇಗ ದಾಟಬಹುದು. ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ 1830ರ ದಶಕದಲ್ಲೇ ಗುರುತಿಸಿದ್ದ. ಆ ಅನುಪಾತಕ್ಕೆ ಇಂದಿನ ಬಿಎಂಐ ಎಂಬ ಹೆಸರು ಕೊಟ್ಟದ್ದು 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ನಡುವೆ, 1942ರಲ್ಲಿ, ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ನೀರಿನೊಳಗೆ ತೂಗಿ ಒಂದು ವಿಷಯ ತೋರಿಸಿಕೊಟ್ಟ. ಎತ್ತರ-ತೂಕದ ಪಟ್ಟಿಯ ಪ್ರಕಾರ ಸೇನೆಗೆ ಬೇಡವಾಗುವಷ್ಟು ‘ದಪ್ಪ’ ಇದ್ದ ಆ ಆಟಗಾರರಲ್ಲಿ ಹೆಚ್ಚಿನವರ ಕೊಬ್ಬು ಕಡಿಮೆಯೇ ಇತ್ತು, ಹೆಚ್ಚಿನ ತೂಕ ಸ್ನಾಯುವಿನದು. ಕೊಬ್ಬಿನ ಸಾಂದ್ರತೆ 0.9, ಉಳಿದ ಅಂಗಾಂಶದ್ದು 1.1 ಎಂದು ಹಿಡಿದು ವಿಲಿಯಂ ಸಿರಿ ರೂಪಿಸಿದ ಸೂತ್ರ ಈಗಲೂ ಚಾಲ್ತಿಯಲ್ಲಿದೆ. 495ನ್ನು ದೇಹದ ಸಾಂದ್ರತೆಯಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾವಾರು ಸಿಗುತ್ತದೆ. ಸಾಂದ್ರತೆ 1.050 ಇದ್ದರೆ ಕೊಬ್ಬು ಶೇ 21.4. ಅದೇ 1.045 ಆದರೆ ಶೇ 23.7. ಮೂರನೇ ದಶಮಾಂಶದಲ್ಲಿ ಆದ ಸಣ್ಣ ತಪ್ಪಿಗೆ ಶೇ 2ಕ್ಕೂ ಹೆಚ್ಚು ಕೊಬ್ಬು ಹುಟ್ಟಿಕೊಳ್ಳುತ್ತದೆ.

ಈ ಸೂತ್ರದ ನಿಜವಾದ ದೌರ್ಬಲ್ಯ ಲೆಕ್ಕಕ್ಕಿಂತ ಊಹೆಯಲ್ಲಿದೆ. ಉಳಿದ ಅಂಗಾಂಶದ ಸಾಂದ್ರತೆ ಎಲ್ಲರಲ್ಲೂ 1.1 ಎಂಬ ಊಹೆ ನಿಲ್ಲಬೇಕಾದರೆ ಎಲ್ಲರ ಮೂಳೆಯಲ್ಲೂ ಖನಿಜ ಒಂದೇ ಪ್ರಮಾಣದಲ್ಲಿರಬೇಕು. ಹಗುರ ಮೂಳೆಯ ಹುಡುಗಿಯನ್ನು ಈ ಸೂತ್ರ ಇರುವುದಕ್ಕಿಂತ ಹೆಚ್ಚು ಕೊಬ್ಬಿನವಳೆಂದು ತೋರಿಸುತ್ತದೆ. ಸುಣ್ಣಾಂಶ ಕಡಿಮೆ ಉಂಡು ಬೆಳೆದವರಿಗೆ ಕೊಬ್ಬು ಜಾಸ್ತಿಯೆಂಬ ಆರೋಪವೂ ಸೇರಿಕೊಳ್ಳುತ್ತದೆ ಎಂದರೆ ಇದಕ್ಕಿಂತ ಅನ್ಯಾಯದ ಗಣಿತ ಇನ್ನೊಂದಿಲ್ಲ.

ಬೆಂಕೆ ಮುಂದೆ ‘ಮಾದರಿ ಹೆಣ್ಣು’ ಎಂಬ ಕಲ್ಪನೆಯನ್ನೂ ಕಟ್ಟಿದ. ಎತ್ತರ 163.8 ಸೆಂ.ಮೀ., ತೂಕ 56.7 ಕೆ.ಜಿ., ಕೊಬ್ಬು ಶೇ 27. ಅದರಲ್ಲಿ ದೇಹತೂಕದ ಶೇ 12ರಷ್ಟು ಇರಲೇಬೇಕಾದ ಕೊಬ್ಬು. ಗಂಡಸಿಗೆ ಈ ಕನಿಷ್ಠ ಶೇ 3 ಮಾತ್ರ. ಹೆಣ್ಣಿನ ದೇಹದಲ್ಲಿ ಹೆಚ್ಚು ಕೊಬ್ಬಿರುವುದು ಕೊರತೆಯಲ್ಲ, ಸಂತಾನಕ್ಕೆ ಬೇಕಾದ ದಾಸ್ತಾನು ಎಂಬ ಮಾತು ಇಲ್ಲಿಂದ ಗಟ್ಟಿಯಾಯಿತು. ಅದೇ ಮಾದರಿ ಅಮೆರಿಕದ ಪಠ್ಯಪುಸ್ತಕಗಳಿಂದ ನಮ್ಮ ದೈಹಿಕ ಶಿಕ್ಷಣದ ಪಠ್ಯಪುಸ್ತಕಗಳಿಗೆ ಹಾಗೇ ಇಳಿದು ಬಂದದ್ದು ಬೇರೆ ವಿಷಯ.

ಸಾಂದ್ರತೆ ತಿಳಿಯಲು ಮನುಷ್ಯರನ್ನು ಮುಳುಗಿಸಿ ತೂಗುವ ನೀರಿನ ತೊಟ್ಟಿ ಎಲ್ಲ ಕಡೆ ಇರಲಿಲ್ಲ. ಅದಕ್ಕೆ ಪರ್ಯಾಯವಾಗಿ ಚರ್ಮದ ಮಡಿಕೆಯನ್ನು ಕ್ಯಾಲಿಪರಿನಿಂದ ಹಿಡಿದು ಅಳೆಯುವ ಪದ್ಧತಿ ಬಂತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡರ್ನಿನ್ ಮತ್ತು ವೊಮರ್ಸ್ಲಿ 16ರಿಂದ 72 ವಯಸ್ಸಿನ 481 ಜನರನ್ನು ಅಳೆದು 1974ರಲ್ಲಿ ಪ್ರಕಟಿಸಿದ ಸಮೀಕರಣಗಳು ಭಾರತದಲ್ಲಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿವೆ. ತೋಳಿನ ಮುಂದೆ, ಹಿಂದೆ, ಬೆನ್ನಿನ ರೆಕ್ಕೆಮೂಳೆಯ ಕೆಳಗೆ, ಸೊಂಟದ ಮೂಳೆಯ ಮೇಲೆ, ಹೀಗೆ ನಾಲ್ಕು ಮಡಿಕೆಗಳ ಮೊತ್ತ ತೆಗೆದರೆ ಆಯಿತು. ಮೊತ್ತ 50 ಮಿ.ಮೀ. ಬಂದ 19ರ ಹುಡುಗಿಯ ಕೊಬ್ಬು ಈ ಲೆಕ್ಕದಲ್ಲಿ ಶೇ 26.1. ಅದೇ ಹುಡುಗಿಗೆ 20 ತುಂಬಿದ ಮರುದಿನ ಅದೇ 50 ಮಿ.ಮೀ.ಗೆ ಶೇ 26.8. ವಯೋಗುಂಪಿನ ಸಾಲು ಬದಲಾದದ್ದೇ ಕಾರಣ. ಅವಳಲ್ಲಿ ಏನೂ ಬದಲಾಗಿಲ್ಲ. ಆಯ್ಕೆ ಶಿಬಿರದಲ್ಲಿ ಅರ್ಧ ಶೇಕಡಾದ ಮೇಲೆ ಜಗಳವಾಡುವವರು ಇದನ್ನು ನೆನಪಿಡುವುದು ಒಳ್ಳೆಯದು. 1980ರಲ್ಲಿ ಜಾಕ್ಸನ್, ಪೊಲಾಕ್ ಮತ್ತು ವಾರ್ಡ್ ಅಮೆರಿಕದ 331 ಹೆಂಗಸರ ಅಳತೆಯಿಂದ ಇನ್ನೊಂದು ಗುಂಪಿನ ಸಮೀಕರಣಗಳನ್ನು ಕೊಟ್ಟರು. ಅವು ಕ್ರೀಡಾಪಟುಗಳಿಗೆ ಸ್ವಲ್ಪ ಹೊಂದುತ್ತವೆ. ಆದರೂ ಅವು ಅಮೆರಿಕದವೇ.

ಇನ್ನು ರೋಯಿಂಗ್. ಈ ಕ್ರೀಡೆಯಲ್ಲಿ ಪಟು ಕೂತಿರುತ್ತಾಳೆ; ಅವಳ ತೂಕವನ್ನು ದೋಣಿ ಹೊರುತ್ತದೆ. ಓಟಗಾರ್ತಿಯ ಹಾಗೆ ಪ್ರತಿ ಹೆಜ್ಜೆಗೂ ಮೈಭಾರವನ್ನು ಎತ್ತಿ ಇಳಿಸಬೇಕಿಲ್ಲ. ತೂಕ ಹೆಚ್ಚಿದರೆ ದೋಣಿ ಒಂದಿಷ್ಟು ಹೆಚ್ಚು ಮುಳುಗುತ್ತದೆ, ನೀರಿನ ತಡೆ ಒಂದಿಷ್ಟು ಏರುತ್ತದೆ. ಆದರೆ ಆ ತೂಕ ಸ್ನಾಯುವಿನದಾದರೆ ಅದರಿಂದ ಬರುವ ಬಲ ತಡೆಯನ್ನು ಮೀರಿಸುತ್ತದೆ. ಡೆನ್ಮಾರ್ಕಿನ ನೀಲ್ಸ್ ಸೆಶರ್ 1980ರ ದಶಕದ ಆರಂಭದಲ್ಲಿ ಇದನ್ನು ಗಣಿತದ ಮಾದರಿಯಾಗಿ ಬರೆದು, ರೋಯಿಂಗ್‌ನಲ್ಲಿ ದೊಡ್ಡ ದೇಹಕ್ಕೆ ಯಾಕೆ ಲಾಭ ಎಂದು ತೋರಿಸಿದ. ಓಟದಲ್ಲಿ ಆಮ್ಲಜನಕದ ಬಳಕೆಯನ್ನು ತೂಕದಿಂದ ಭಾಗಿಸಿ ನೋಡುತ್ತಾರೆ. ಇಲ್ಲಿ ನಿಮಿಷಕ್ಕೆ ಒಟ್ಟು ಎಷ್ಟು ಲೀಟರ್ ಎಂಬುದೇ ಮುಖ್ಯ. ವಿಶ್ವಮಟ್ಟದ ಹೆಣ್ಣುಮಕ್ಕಳಲ್ಲಿ ಅದು 4 ಲೀಟರ್ ಆಸುಪಾಸು. 45 ಕೆ.ಜಿ.ಯ ಹುಡುಗಿ ಕೆ.ಜಿ.ಗೆ 50 ಮಿಲಿಲೀಟರಿನ ಒಳ್ಳೆಯ ದಮ್ಮು ಇಟ್ಟುಕೊಂಡರೂ 2.25 ಲೀಟರಿಗೇ ನಿಲ್ಲುತ್ತಾಳೆ. ಇದು ಅವಳ ಸೋಲಲ್ಲ, ಆ ಕ್ರೀಡೆಯ ಗುಣ.

ಮಹಿಳಾ ರೋಯಿಂಗ್ ಒಲಿಂಪಿಕ್ಸ್ ಸೇರಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಆಗ ದೂರ 1000 ಮೀಟರ್; 1988ರ ಒಲಿಂಪಿಕ್ಸ್ ಹೊತ್ತಿಗೆ ಗಂಡಸರಿಗೆ ಸಮನಾಗಿ 2000 ಆಯಿತು. ದೂರ ದುಪ್ಪಟ್ಟಾದಾಗ ಬೇಕಾದ ದೇಹವೂ ಬದಲಾಯಿತು. 1997ರ ವಿಶ್ವ ಕಿರಿಯರ ಚಾಂಪಿಯನ್‌ಷಿಪ್‌ನಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದ ಹುಡುಗಿಯರ ಸರಾಸರಿ ಎತ್ತರ 174 ಸೆಂ.ಮೀ. ದಾಟಿತ್ತು, ತೂಕ 70 ಕೆ.ಜಿ.ಗೆ ಹತ್ತಿರವಿತ್ತು. ಭಾರತದ ವಯಸ್ಕ ಹೆಣ್ಣಿನ ಸರಾಸರಿ ಎತ್ತರ 152 ಸೆಂ.ಮೀ. ಆಸುಪಾಸು. ಸಣ್ಣ ಮೈಕಟ್ಟಿನ ದೇಶಗಳಿಗೂ ಅವಕಾಶವಿರಲೆಂದು ಹಗುರ ತೂಕದ ವಿಭಾಗ ಬಂತು. ಹೆಣ್ಣುಮಕ್ಕಳಲ್ಲಿ ಯಾರೂ 59 ಕೆ.ಜಿ. ಮೀರಬಾರದು, ತಂಡದ ಸರಾಸರಿ 57 ದಾಟಬಾರದು ಎಂಬುದು ನಿಯಮ. 1996ರಲ್ಲಿ ಅಟ್ಲಾಂಟದಲ್ಲಿ ಅದು ಒಲಿಂಪಿಕ್ಸ್‌ಗೂ ಸೇರಿತು. 2024ರ ಪ್ಯಾರಿಸ್ ಕೂಟವೇ ಅದರ ಕೊನೆಯದಾಯಿತು.

ಹಗುರ ತೂಕದ ವಿಭಾಗ ದೇಹ ಸಂಯೋಜನೆಯ ಶಾಸ್ತ್ರಕ್ಕೆ ಕೊಟ್ಟದ್ದು ಬಹಳ, ಹುಡುಗಿಯರಿಂದ ಕಿತ್ತುಕೊಂಡದ್ದೂ ಬಹಳ. 63 ಕೆ.ಜಿ.ಯ ಹುಡುಗಿಯೊಬ್ಬಳು 59ಕ್ಕೆ ಇಳಿಯಬೇಕೆಂದರೆ ಮೊದಲು ಕೊಬ್ಬು ಕರಗಬೇಕು. ಅದು ಸಾಲದಾದಾಗ ನೀರೂ ಸ್ನಾಯುವೂ ಹೋಗುತ್ತವೆ. ತೂಗುವ ಹಿಂದಿನ ದಿನ ಊಟ ಬಿಡುವುದು, ಬೆವರು ಸುರಿಸುವುದು, ನೀರು ಕುಡಿಯದಿರುವುದು ತರಬೇತಿಯ ಭಾಗವೇ ಆಗಿಹೋಯಿತು. ಅಮೆರಿಕದಲ್ಲಿ 1972ರ ಶಿಕ್ಷಣ ಕಾನೂನು ಕಾಲೇಜು ಕ್ರೀಡೆಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೇಳಿತು. 1997ರಿಂದ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಮಹಿಳಾ ರೋಯಿಂಗ್ ಚಾಂಪಿಯನ್‌ಷಿಪ್ ನಡೆಸತೊಡಗಿತು. ದೊಡ್ಡ ತಂಡಗಳು ಬಂದವು; ಅವುಗಳ ಜೊತೆಗೆ ಕ್ಯಾಲಿಪರು, ನೀರಿನ ತೊಟ್ಟಿ, ಮೈ ಸರಿಸಿದ ಗಾಳಿಯಿಂದ ದೇಹದ ಗಾತ್ರ ಅಳೆಯುವ ಪೆಟ್ಟಿಗೆ, ಎಕ್ಸ್-ರೇಯಿಂದ ಅಳೆಯುವ ಡೆಕ್ಸಾ ಯಂತ್ರ ಎಲ್ಲವೂ ಬಂದವು. ಕಾಲೇಜು ರೋಯಿಂಗ್ ಪಟುವಿನ ಕೊಬ್ಬು ಎಷ್ಟಿರಬೇಕೆಂಬ ಪ್ರಶ್ನೆ ಒಂದು ಸಣ್ಣ ಉದ್ಯಮವೇ ಆಯಿತು.

ಆ ಪ್ರಶ್ನೆಯೇ ತಪ್ಪೆಂದು ತೋರಿಸಿಕೊಟ್ಟವರು ಹೆಚ್ಚಾಗಿ ಮಹಿಳಾ ವಿಜ್ಞಾನಿಗಳು. ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಸಂಗಡಿಗರು 1984ರಲ್ಲಿ ಮುಟ್ಟು ನಿಂತ ಕ್ರೀಡಾಪಟುಗಳ ಬೆನ್ನುಮೂಳೆಯಲ್ಲಿ ಖನಿಜ ಕಡಿಮೆಯಾಗಿರುವುದನ್ನು ತೋರಿಸಿದರು. ಅದಕ್ಕೆ ಮೊದಲು, 1974ರಲ್ಲಿ, ರೋಸ್ ಫ್ರಿಷ್ ಕೊಬ್ಬು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮುಟ್ಟು ನಿಲ್ಲುತ್ತದೆ ಎಂದು ವಾದಿಸಿದ್ದರು. ಆ್ಯನ್ ಲೌಕ್ಸ್ ಅದನ್ನು ತಿರುಗಿಸಿಟ್ಟರು: ಮುಟ್ಟನ್ನು ಕೆಡಿಸುವುದು ಕೊಬ್ಬಿನ ಕೊರತೆಯಲ್ಲ, ದೇಹದ ಕೆಲಸಕ್ಕೆ ಉಳಿಯುವ ಶಕ್ತಿಯ ಕೊರತೆ. ದಿನಕ್ಕೆ ಉಂಡದ್ದರಲ್ಲಿ ವ್ಯಾಯಾಮದ ಖರ್ಚು ಕಳೆದು, ಉಳಿದದ್ದನ್ನು ಕೊಬ್ಬುರಹಿತ ತೂಕದಿಂದ ಭಾಗಿಸಿದಾಗ ಕೆ.ಜಿ.ಗೆ 30 ಕ್ಯಾಲೊರಿಗಿಂತ ಕಡಿಮೆ ಬಂದರೆ ಹಾರ್ಮೋನುಗಳು ತಾಳ ತಪ್ಪತೊಡಗುತ್ತವೆ. ಕೊಬ್ಬು ಅಂಶದ ಸ್ಥಾನದಿಂದ ಇಳಿದು, ಕೊಬ್ಬುರಹಿತ ತೂಕ ಛೇದದ ಸ್ಥಾನಕ್ಕೆ ಬಂದದ್ದೇ ಈ ಕ್ಷೇತ್ರದ ಇತ್ತೀಚಿನ ಅತಿ ದೊಡ್ಡ ತಿರುವು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ಕ್ರೀಡೆಯಲ್ಲಿನ ಶಕ್ತಿಕೊರತೆಯ ರೋಗಲಕ್ಷಣಗಳ ಕೂಟವೆಂದು ಒಪ್ಪಿಕೊಂಡಿತು.

ಭಾರತದಲ್ಲಿ ರೋಯಿಂಗ್‌ಗೆ ಹಳೆಯ ಕ್ಲಬ್ಬುಗಳಿವೆ. ಕಲ್ಕತ್ತದ ಕ್ಲಬ್ಬು 1858ರದು, ಮದರಾಸಿನದು 1867ರದು. ಜನಸಾಮಾನ್ಯರ ಕ್ರೀಡೆ ಅದು ಆಗಲಿಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಒಡಿಶಾದ ಪ್ರತಿಮಾ ಪುಹಾನಾ ಮತ್ತು ಪ್ರಮೀಳಾ ಪ್ರಭಾ ಮಿಂಜ್ ಜೋಡಿ ಕಂಚು ಗೆದ್ದದ್ದು ಹೆಣ್ಣುಮಕ್ಕಳ ಮಟ್ಟಿಗೆ ದೊಡ್ಡ ಸುದ್ದಿ. ಕರ್ನಾಟಕದಲ್ಲಿ ಈ ಕ್ರೀಡೆಯೆಂದರೆ ಮುಖ್ಯವಾಗಿ ಬೆಂಗಳೂರಿನ ಹಲಸೂರು ಕೆರೆ ಮತ್ತು ಅಲ್ಲಿ ಅಭ್ಯಾಸ ಮಾಡುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. ಇತ್ತ ಮಲೆನಾಡಿನ ಸಕಲೇಶಪುರವನ್ನು ಬಳಸಿ ಆಲೂರಿನ ಕಡೆ ಇಳಿಯುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ ಕಟ್ಟಿದ ಮೇಲೆ ಹಿನ್ನೀರೇನೋ ಬೇಕಾದಷ್ಟು ನಿಂತಿದೆ. ಅಲ್ಲಿನ ಕಾಲೇಜು ಹುಡುಗಿಯರ ಆಟ ಮಾತ್ರ ಕಬಡ್ಡಿ, ಖೋ ಖೋ, ಥ್ರೋಬಾಲ್, ವಾಲಿಬಾಲ್, ಗುಡ್ಡಗಾಡು ಓಟ. ಆದ್ದರಿಂದ ರೋಯಿಂಗ್‌ನಿಂದ ಇಲ್ಲಿಗೆ ಬರಬೇಕಾದದ್ದು ಅಳತೆಯ ವಿವೇಕ. ಅದರ ಆದರ್ಶ ದೇಹವಲ್ಲ.

ನಮ್ಮಲ್ಲಿ ಮೊದಲು ಬೇರೂರಿದ್ದು ಪಟಿಯಾಲ ಪಂಥ. 1961ರಲ್ಲಿ ಅಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಸೋಧಿ ಮತ್ತು ಸಿಧು 1984ರಲ್ಲಿ ಕ್ರೀಡಾಪಟುಗಳ ಮೈಕಟ್ಟು ಮತ್ತು ಆಯ್ಕೆಯ ಬಗ್ಗೆ ಬರೆದ ಪುಸ್ತಕ ಒಂದು ಇಡೀ ಪೀಳಿಗೆಗೆ ದಾರಿ ಹಾಕಿತು. ಎತ್ತರ, ತೂಕ, ಕೈಕಾಲಿನ ಉದ್ದ, ಸುತ್ತಳತೆ, ಮಡಿಕೆ ಅಳೆದು ಹೀತ್ ಮತ್ತು ಕಾರ್ಟರ್ ಪದ್ಧತಿಯಲ್ಲಿ ಮೈಕಟ್ಟಿನ ಅಂಕ ಹಾಕುವುದು ಅದರ ಕ್ರಮ. ಕೆಲಸ ಶ್ರದ್ಧೆಯದೇ. ಆದರೆ ಅದರ ಅನುಕರಣೆಯಲ್ಲಿ ದೇಶದ ದೈಹಿಕ ಶಿಕ್ಷಣ ವಿಭಾಗಗಳಿಂದ ಹೊರಬಿದ್ದ ಬಹುಪಾಲು ಪ್ರಬಂಧಗಳು ಒಂದೇ ಅಚ್ಚಿನವು: ಕಬಡ್ಡಿ ಆಟಗಾರ್ತಿಯರನ್ನೂ ಖೋ ಖೋ ಆಟಗಾರ್ತಿಯರನ್ನೂ ಹೋಲಿಸು, ಗ್ಲಾಸ್ಗೋ ಸಮೀಕರಣ ಹಾಕು, ವ್ಯತ್ಯಾಸ ಗಣನೀಯ ಅನ್ನು. ಆ ಹುಡುಗಿಯರು ಏನು ಉಣ್ಣುತ್ತಾರೆ, ಮನೆಯಲ್ಲಿ ಏನು ಕೆಲಸ ಮಾಡುತ್ತಾರೆ, ರಕ್ತ ಎಷ್ಟಿದೆ ಎಂಬ ಕಾಲಮ್ಮು ಅಂಥ ಕೋಷ್ಟಕಗಳಲ್ಲಿ ಸಿಗುವುದು ಅಪರೂಪ.

ಆ ಪ್ರಶ್ನೆಗಳು ಬಂದದ್ದು ಕ್ರೀಡಾ ವಿಭಾಗಗಳಿಂದಲ್ಲ, ಹಸಿವಿನ ಮೇಲಿನ ಒಂದು ವಾಗ್ವಾದದಿಂದ. ದೇಹ ಕಡಿಮೆ ಆಹಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ವಾದಿಸಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಸೆಕ್ಲರ್ ಅದನ್ನು ‘ಸಣ್ಣವರು, ಆದರೆ ಆರೋಗ್ಯವಂತರು’ ಎಂಬ ಘೋಷಣೆಯ ಮಟ್ಟಕ್ಕೆ ಒಯ್ದರು. ಕುಳ್ಳಗೆ ತೆಳ್ಳಗೆ ಇರುವ ಬಡವರು ಹೊಂದಿಕೊಂಡಿದ್ದಾರೆ, ಚಿಂತೆ ಬೇಡ ಎಂಬುದು ಅದರ ಸಾರ. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅದನ್ನು ಕಟುವಾಗಿ ವಿರೋಧಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸತ್ಯನಾರಾಯಣ ಮತ್ತು ಸಂಗಡಿಗರು 1977ರಲ್ಲೇ ಕಾರ್ಖಾನೆ ಕಾರ್ಮಿಕರಲ್ಲಿ ದೇಹತೂಕ ಹೆಚ್ಚಿದ್ದವರ ಉತ್ಪಾದನೆಯೂ ಹೆಚ್ಚೆಂದು ತೋರಿಸಿದ್ದರು. ಆದರೆ ವಿಷಯ ಪಕ್ಕಾ ಆಗಬೇಕಾದರೆ ತೆಳ್ಳಗಿನವರ ದೇಹದೊಳಗೆ ಏನಿದೆಯೆಂದು ನೋಡಬೇಕಿತ್ತು.

ಅದನ್ನು ನೋಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಕಾಶ್ ಶೆಟ್ಟಿ ಮತ್ತು ಅವರ ಬಳಗ. ಭಾರತದ ದೇಹ ಸಂಯೋಜನಾ ಶಾಸ್ತ್ರಕ್ಕೆ ನಿಜವಾದ ಮನೆ ಅಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ. ಶೆಟ್ಟಿ 1984ರಲ್ಲಿ ಬೆಂಗಳೂರಿನ ಕೂಲಿ ಕಾರ್ಮಿಕರ ವಿಶ್ರಾಂತ ಚಯಾಪಚಯ ದರವನ್ನೂ ಕೊಬ್ಬುರಹಿತ ತೂಕವನ್ನೂ ಒಟ್ಟಿಗೆ ಅಳೆದರು. ತೆಳ್ಳಗಿನವರು ವಿಶ್ರಾಂತಿಯಲ್ಲಿ ಕಡಿಮೆ ಶಕ್ತಿ ವ್ಯಯಿಸುವುದು ಕಂಡಾಗ ಹೊಂದಾಣಿಕೆಯ ವಾದ ಗೆದ್ದಂತೆ ತೋರಿತ್ತು. ಮಾರಿಯೋ ಸೋರೆಸ್ ಜೊತೆ ಮುಂದೆ ನಡೆದ ಕೆಲಸ ಅದನ್ನು ಬಿಡಿಸಿ ನೋಡಿತು. ಖರ್ಚು ಕಡಿಮೆಯಾಗಿದ್ದದ್ದು ಮುಖ್ಯವಾಗಿ ದೇಹವೇ ಕಡಿಮೆಯಾಗಿದ್ದರಿಂದ. ಉಳಿದ ಅಂಗಾಂಶ ಹೆಚ್ಚು ಮಿತವ್ಯಯಿಯಾಗಿರಲಿಲ್ಲ. ಇನ್ನೂ ಮುಖ್ಯವಾದದ್ದು, ಅವರಲ್ಲಿ ಕುಗ್ಗಿದ್ದದ್ದು ಸ್ನಾಯು. ಯಕೃತ್ತು, ಹೃದಯ, ಮೂತ್ರಪಿಂಡ, ಮೆದುಳುಗಳನ್ನು ದೇಹ ಕಾಯ್ದುಕೊಂಡಿತ್ತು. ಕೂಲಿಯವನು ದುಡಿಯಲು ಬೇಕಾದದ್ದನ್ನೇ ತೆತ್ತು ಬದುಕಲು ಬೇಕಾದದ್ದನ್ನು ಉಳಿಸಿಕೊಂಡಿದ್ದ. ಅದನ್ನು ಆರೋಗ್ಯವೆಂದು ಕರೆಯಲು ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸಾಧ್ಯ.

ಇದೇ ಬಳಗ ಹೆಂಗಸರ ಕಡೆಗೂ ತಿರುಗಿತು. ಲೆನಾರ್ಡ್ ಪಿಯರ್ಸ್ ಮತ್ತು ಶೆಟ್ಟಿ 1993ರಲ್ಲಿ ಭಾರತೀಯ ಹೆಂಗಸರ ವಿಶ್ರಾಂತ ಚಯಾಪಚಯ ದರವನ್ನು ಪ್ರಕಟಿಸಿದರು. ರೆಬೆಕ್ಕಾ ಕುರಿಯನ್, ಅನುರಾ ಕುರ್ಪಾಡ್ ಮತ್ತಿತರರು 1998ರಲ್ಲಿ ಭಾರತೀಯ ವಯಸ್ಕರಲ್ಲಿ ಸುಲಭ ವಿಧಾನಗಳು ಎಷ್ಟು ನಂಬಲರ್ಹ ಎಂದು ಪರೀಕ್ಷಿಸಿದರು. ಕ್ಯಾಲಿಪರು ಹಿಡಿದವರೆಲ್ಲ ಮೊದಲು ಓದಬೇಕಾದ ಪ್ರಬಂಧ ಅದು. ಕ್ರೀಡಾ ವಿಭಾಗಗಳ ಪ್ರಬಂಧಗಳು ಅದನ್ನು ಉಲ್ಲೇಖಿಸುವುದು ಕಡಿಮೆ. 2004ರಲ್ಲಿ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಒಂದು ಚಿತ್ರ ಪ್ರಸಿದ್ಧವಾಯಿತು. ಇಬ್ಬರ ಬಿಎಂಐಯೂ 22.3, ಯುಡ್ಕಿನ್ ಕೊಬ್ಬು ಶೇ 9.1, ಯಾಜ್ಞಿಕ್ ಕೊಬ್ಬು ಶೇ 21.2. ತೆಳ್ಳಗೆ ಕಾಣುವ ಭಾರತೀಯನೊಳಗೆ ಕೊಬ್ಬು ಅಡಗಿದೆ ಎಂಬ ಪಾಠವನ್ನು ಪತ್ರಿಕೆಗಳು ಅದರಿಂದ ಕಲಿತವು. ಅದೇ ಚಿತ್ರದ ಇನ್ನೊಂದು ಪಾಠವನ್ನು, ಅಂದರೆ ತೆಳ್ಳಗಿನ ಭಾರತೀಯನಲ್ಲಿ ಸ್ನಾಯು ಸಾಲದು ಎಂಬುದನ್ನು, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮೊದಲ ಪಾಠದಿಂದ ಹುಡುಗಿಗೆ ‘ಕಡಿಮೆ ತಿನ್ನು’ ಎಂಬ ಸಲಹೆ ಸಿಗುತ್ತದೆ. ಎರಡನೆಯದರಿಂದ ‘ಚೆನ್ನಾಗಿ ತಿನ್ನು, ಭಾರ ಎತ್ತು’ ಎಂಬುದು. ಎರಡರ ನಡುವೆ ಒಂದು ಪೀಳಿಗೆಯ ಆರೋಗ್ಯವಿದೆ.

ಸ್ನಾಯುವಿಗೆ ಪ್ರೋಟೀನ್ ಬೇಕು, ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಸಾಕಷ್ಟಿರಬೇಕು. ಧಾನ್ಯಗಳಲ್ಲಿ ಅದೇ ಕಡಿಮೆ. 1985ರ ಅಂತರರಾಷ್ಟ್ರೀಯ ಶಿಫಾರಸು ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 12 ಮಿ.ಗ್ರಾಂ. ಲೈಸಿನ್ ಸಾಕೆಂದಿತ್ತು. ಕುರ್ಪಾಡ್ ಮತ್ತು ಅಮೆರಿಕದ ವರ್ನನ್ ಯಂಗ್ ಸೇರಿ ಬೆಂಗಳೂರಿನಲ್ಲಿ ನಡೆಸಿದ ಪ್ರಯೋಗಗಳು ಅದು 30 ಇರಬೇಕೆಂದು ತೋರಿಸಿದವು. 2007ರ ಶಿಫಾರಸು ಅದನ್ನೇ ಸ್ವೀಕರಿಸಿತು. ಅಕ್ಕಿ ರೊಟ್ಟಿ, ಕಡುಬು, ಮುದ್ದೆಯ ಮೇಲೆ ನಿಂತ ಊಟಕ್ಕೆ ಇದರ ಅರ್ಥ ನೇರವಾದದ್ದು: ಕಾಳು, ಹಾಲು, ಮೊಟ್ಟೆ, ಮೀನು, ಮಾಂಸ ಯಾವುದಾದರೂ ಜೊತೆಗಿರಬೇಕು. ಹಳ್ಳದ ಏಡಿ, ಗದ್ದೆಯ ಮೀನು ತಿನ್ನುವ ಮಲೆನಾಡಿನ ಮನೆಗಳ ಅಭ್ಯಾಸಕ್ಕೆ ಪ್ರಯೋಗಾಲಯದ ಸಮರ್ಥನೆ ಸಿಕ್ಕಂತಾಯಿತು. ಆಲೂರು ಕಡೆಯ ಮುದ್ದೆಯ ರಾಗಿ 100 ಗ್ರಾಮಿಗೆ 340 ಮಿ.ಗ್ರಾಂ.ಗೂ ಹೆಚ್ಚು ಸುಣ್ಣಾಂಶ ಕೊಡುತ್ತದೆ. ಕ್ರೀಡಾ ಹಾಸ್ಟೆಲು ಅದನ್ನು ಬಿಟ್ಟು ಬಿಳಿ ಅನ್ನ ಬಡಿಸಿದರೆ ಅದಕ್ಕೆ ಸುಲಭವೆಂಬುದರ ಹೊರತು ಬೇರೆ ಕಾರಣವಿಲ್ಲ.

ಸೇಂಟ್ ಜಾನ್ಸ್ ಬಳಗದ ಇತ್ತೀಚಿನ ಸಾಧನೆ ಪೊಟ್ಯಾಸಿಯಂ ಎಣಿಸುವ ಕೋಣೆ. ಅದರ ವಿವರ ಪ್ರಕಟವಾದದ್ದು 2018ರಲ್ಲಿ. ದೇಹದ ಪೊಟ್ಯಾಸಿಯಂನ ಬಹುಪಾಲು ಜೀವಕೋಶಗಳೊಳಗೇ ಇರುತ್ತದೆ, ಕೊಬ್ಬಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದರ ಸುಮಾರು ಶೇ 0.012 ಪಾಲು ಸಹಜವಾಗಿಯೇ ವಿಕಿರಣ ಸೂಸುವ ಪೊಟ್ಯಾಸಿಯಂ-40. ಹೊರಗಿನ ವಿಕಿರಣ ಒಳಬರದಂತೆ ಕವಚ ಹಾಕಿದ ಕೋಣೆಯಲ್ಲಿ ಮನುಷ್ಯರನ್ನು ಮಲಗಿಸಿ, ಮೈಯಿಂದ ಹೊಮ್ಮುವ ಆ ಕಿರಣಗಳನ್ನು ಎಣಿಸಿದರೆ ಕೆಲಸ ಮಾಡುವ ಜೀವಕೋಶಗಳ ರಾಶಿ ನೇರವಾಗಿ ತಿಳಿಯುತ್ತದೆ. ಹೊರಗಿನಿಂದ ಏನನ್ನೂ ಚುಚ್ಚಬೇಕಿಲ್ಲ, ಕುಡಿಸಬೇಕಿಲ್ಲ. ಗರ್ಭಿಣಿಯರ ಪ್ರೋಟೀನ್ ಅಗತ್ಯವನ್ನು ಇದರಿಂದಲೇ ಲೆಕ್ಕ ಹಾಕಿದ್ದಾರೆ. ಕ್ರೀಡಾಪಟುಗಳಿಗೆ ಇದಕ್ಕಿಂತ ಹೊಂದುವ ಅಳತೆ ಇನ್ನೊಂದಿಲ್ಲ.

ಗುಡ್ಡಗಾಡಿನ ದುಡಿಯುವ ಹೆಣ್ಣಿನ ದೇಹವನ್ನು ಕುರಿತ ಅತಿ ಉಪಯುಕ್ತ ಅಧ್ಯಯನ ಬಂದದ್ದು ಕ್ರೀಡೆಯಿಂದಲೂ ಅಲ್ಲ, ಕರ್ನಾಟಕದಿಂದಲೂ ಅಲ್ಲ. ಶ್ರೀಲಂಕಾದ ಚಹಾ ತೋಟಗಳಿಂದ. ಎಡ್ಜರ್ಟನ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರಕ್ತಹೀನತೆಯ ಹೆಣ್ಣಾಳುಗಳಿಗೆ ಕಬ್ಬಿಣದ ಮಾತ್ರೆ ಕೊಟ್ಟಾಗ ಅವರು ಕಿತ್ತ ಚಹಾ ಎಲೆಯ ತೂಕ ಏರಿತು. ದೇಹತೂಕ ಹೆಚ್ಚಿಸಬೇಕಿರಲಿಲ್ಲ; ರಕ್ತ ಸರಿಯಾದದ್ದೇ ಸಾಕಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 2019-21ರಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನರು ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿರುವ ಹುಡುಗಿಯ ಕೊಬ್ಬು ಶೇ 22 ಇದ್ದರೇನು, 24 ಇದ್ದರೇನು? ಅವಳು ದ್ವಿತೀಯಾರ್ಧದಲ್ಲಿ ಏದುಸಿರು ಬಿಡುವುದಕ್ಕೆ ಕಾರಣ ಮಡಿಕೆಯಲ್ಲಿಲ್ಲ.

ಈಗಿನ ಹೊಸ ಹುಚ್ಚು ವಿದ್ಯುತ್ ತಡೆಯ ಯಂತ್ರಗಳದು. ಬರಿಗಾಲಲ್ಲಿ ನಿಂತರೆ ಅರೆ ನಿಮಿಷದಲ್ಲಿ ಕೊಬ್ಬು, ಸ್ನಾಯು, ಮೂಳೆ, ‘ದೇಹದ ವಯಸ್ಸು’ ಎಲ್ಲವನ್ನೂ ಅಚ್ಚು ಹಾಕಿ ಕೊಡುತ್ತದೆ. ಬೆಂಗಳೂರಿನ ಜಿಮ್ಮುಗಳಿಂದ ತಾಲ್ಲೂಕು ಕೇಂದ್ರಗಳವರೆಗೂ ಅದು ಬಂದಿದೆ. ಯಂತ್ರ ನಿಜಕ್ಕೂ ಅಳೆಯುವುದು ಮೈಯಲ್ಲಿ ಹರಿಯುವ ಸಣ್ಣ ವಿದ್ಯುತ್ತಿಗೆ ಇರುವ ತಡೆಯೊಂದನ್ನೇ. ಅದರಿಂದ ನೀರನ್ನು ಊಹಿಸುತ್ತದೆ. ಕೊಬ್ಬುರಹಿತ ಅಂಗಾಂಶದಲ್ಲಿ ಸುಮಾರು ಶೇ 73 ನೀರು ಎಂದು ಹಿಡಿದು ಸ್ನಾಯುವನ್ನು ಊಹಿಸುತ್ತದೆ. ಉಳಿದದ್ದನ್ನು ಕೊಬ್ಬು ಎನ್ನುತ್ತದೆ. ಬಿಸಿಲಲ್ಲಿ ಅಭ್ಯಾಸ ಮಾಡಿ ನೀರು ಕುಡಿಯದೆ ಹತ್ತಿದರೆ ಕೊಬ್ಬು ಏರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿದಾಗ ಲೆಕ್ಕ ಬೇರೆಯಾಗುತ್ತದೆ. ಮಳೆಗಾಲದ ಚಳಿಯಲ್ಲಿ ಕೈಕಾಲು ತಣ್ಣಗಾದಾಗ ಮತ್ತೊಂದು ಸಂಖ್ಯೆ. ಯಂತ್ರದೊಳಗಿನ ಸಮೀಕರಣ ಯಾವ ಜನರಿಂದ ಬಂದದ್ದೆಂದು ತಯಾರಕರು ಹೇಳುವುದು ಕಡಿಮೆ. ಒಂದು ತಂಡವನ್ನು ಒಂದೇ ಯಂತ್ರದಲ್ಲಿ, ಬೆಳಗಿನ ಹೊತ್ತು, ಉಪಾಹಾರಕ್ಕೆ ಮೊದಲು, ತಿಂಗಳು ತಿಂಗಳು ಅಳೆದು ಏರಿಳಿತ ನೋಡಲು ಅದು ಸಾಕು. ಒಂದೇ ಸಂಖ್ಯೆ ಹಿಡಿದು ಆಯ್ಕೆ ಪಟ್ಟಿಯಿಂದ ಹೆಸರು ಹೊಡೆದುಹಾಕಲು ಸಾಲದು.

ಇಷ್ಟೆಲ್ಲ ಆದ ಮೇಲೂ ಉಳಿಯುವ ಕಂದರಗಳು ಸಕಲೇಶಪುರ, ಆಲೂರಿನಂಥ ಊರುಗಳಲ್ಲಿ ಎದ್ದು ಕಾಣುತ್ತವೆ. ಮೊದಲನೆಯದು ಮಾದರಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಹಾರ ಶಿಫಾರಸಿನ ಮಾದರಿ ಹೆಣ್ಣು ಈಗ 55 ಕೆ.ಜಿ.; ಹಿಂದೆ 50 ಇತ್ತು. ಅದು ಇರಬೇಕಾದ ಹೆಣ್ಣು, ಇರುವ ಹೆಣ್ಣಲ್ಲ. 44 ಕೆ.ಜಿ.ಯ ಕಬಡ್ಡಿ ಆಟಗಾರ್ತಿಗೆ ಎಷ್ಟು ಸ್ನಾಯು ಇದ್ದರೆ ಚೆನ್ನ ಎಂದು ಹೇಳುವ ಪಟ್ಟಿ ಗ್ಲಾಸ್ಗೋದಿಂದಲೂ ಬರುವುದಿಲ್ಲ, ರೋಯಿಂಗ್ ಪಟುಗಳಿಂದಲೂ ಬರುವುದಿಲ್ಲ. ಕಾರ್ಕಳದ ಮಮತಾ ಪೂಜಾರಿ ನಾಯಕತ್ವದಲ್ಲಿ 2012ರ ಕಬಡ್ಡಿ ವಿಶ್ವಕಪ್ ಗೆದ್ದ ದೇಶಕ್ಕೆ ಹೆಣ್ಣುಮಕ್ಕಳ ಕಬಡ್ಡಿಯ ಮೈಕಟ್ಟಿನ ಮಾನದಂಡ ಹೊರಗಿನಿಂದ ತರಬೇಕಾಗಿ ಬಂದಿರುವುದು ವಿಚಿತ್ರ.

ಎರಡನೆಯದು ಕೆಲಸದ್ದು. ಲೌಕ್ಸ್ ಸೂತ್ರದಲ್ಲಿ ಕಳೆಯುವುದು ವ್ಯಾಯಾಮದ ಖರ್ಚನ್ನು ಮಾತ್ರ, ಯಾಕೆಂದರೆ ಆ ಸೂತ್ರದ ಹಿಂದಿರುವ ವಿದ್ಯಾರ್ಥಿನಿ ಅಭ್ಯಾಸ ಮುಗಿಸಿ ಹಾಸ್ಟೆಲಿಗೆ ಹೋಗಿ ಮಲಗುತ್ತಾಳೆ. ಮಲೆನಾಡಿನ ಹುಡುಗಿಯರಲ್ಲಿ ಅನೇಕರಿಗೆ ಅಭ್ಯಾಸದ ಆಚೆ ಇನ್ನೊಂದು ದಿನವಿದೆ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕುಯ್ಲು. ರಜೆಯ ದಿನ ಅಮ್ಮನ ಜೊತೆ ತೋಟಕ್ಕೆ ಹೋದರೆ ಕೆ.ಜಿ. ಲೆಕ್ಕದ ಕೂಲಿ, ಸೊಂಟಕ್ಕೆ ಚೀಲ, ಇಳಿಜಾರಿನಲ್ಲಿ ಇಡೀ ದಿನ ನಿಲುವು, ಸಂಜೆ ಮೂಟೆ ಹೊತ್ತು ತೋಟದ ಲೆಕ್ಕ ಬರೆಯುವ ರೈಟರ ತಕ್ಕಡಿಯವರೆಗೆ ಏರು. ಒಂದು ಲೆಕ್ಕ ನೋಡಬಹುದು. 45 ಕೆ.ಜಿ.ಯ ಹುಡುಗಿಯ ಕೊಬ್ಬುರಹಿತ ತೂಕ 35 ಕೆ.ಜಿ.; ಅವಳು ದಿನಕ್ಕೆ 1600 ಕ್ಯಾಲೊರಿ ಉಣ್ಣುತ್ತಾಳೆ. ಅಭ್ಯಾಸಕ್ಕೆ 400 ಖರ್ಚಾದರೆ ಉಳಿದ 1200 ಕೆ.ಜಿ.ಗೆ 34ರಂತೆ ಬಂದು, 30ರ ಗೆರೆಯ ಮೇಲೇ ನಿಲ್ಲುತ್ತದೆ. ತೋಟದ ಕೆಲಸಕ್ಕೆ ಇನ್ನೊಂದು 300 ಕಳೆದರೆ 26ಕ್ಕಿಂತ ಕೆಳಗಿಳಿಯುತ್ತದೆ. ಮೊದಲ ಲೆಕ್ಕದಲ್ಲಿ ಅವಳು ಸುರಕ್ಷಿತ, ಎರಡನೆಯದರಲ್ಲಿ ರೋಗಿ. ಮನೆಗೆಲಸ, ಹೊಲದ ಕೆಲಸಗಳ ಶಕ್ತಿಯ ಖರ್ಚನ್ನು ಸೇಂಟ್ ಜಾನ್ಸ್‌ನ ಮಾರಿಯೋ ವಾಜ್ ಮತ್ತು ಸಂಗಡಿಗರು 2005ರಲ್ಲೇ ಒಟ್ಟುಗೂಡಿಸಿ ಕೊಟ್ಟಿದ್ದಾರೆ. ಅದನ್ನೂ ಕ್ರೀಡೆಯ ಸೂತ್ರವನ್ನೂ ಒಂದೇ ಹಾಳೆಯ ಮೇಲೆ ತರುವುದಷ್ಟೇ ಬಾಕಿ.

ಮೂರನೆಯದು ಸಮೀಕರಣದ್ದು, ಮತ್ತು ತೀರಿಸಲು ಸುಲಭವಾದದ್ದು ಇದೇ. ಪೊಟ್ಯಾಸಿಯಂ ಕೋಣೆಯನ್ನು ಘಟ್ಟಕ್ಕೆ ಹೊತ್ತೊಯ್ಯಲು ಆಗದು. ಡ್ಯೂಟೇರಿಯಂ ವಿಧಾನ ಹಾಗಲ್ಲ. ಡ್ಯೂಟೇರಿಯಂ ಎಂಬುದು ಜಲಜನಕದ ಭಾರದ ರೂಪ, ವಿಕಿರಣವಿಲ್ಲ, ಅಪಾಯವಿಲ್ಲ. ಹುಡುಗಿಯ ಜೊಲ್ಲನ್ನು ಹತ್ತಿಯಲ್ಲಿ ಒಮ್ಮೆ ತೆಗೆದುಕೊಂಡು, ಸುಮಾರು 30 ಗ್ರಾಂ ಭಾರಜಲ ಕುಡಿಸಿ, ಮೂರು ನಾಲ್ಕು ಗಂಟೆ ಬಿಟ್ಟು ಮತ್ತೆ ಜೊಲ್ಲು ತೆಗೆದುಕೊಂಡರೆ ಕೆಲಸ ಮುಗಿಯಿತು. ಅಷ್ಟರಲ್ಲಿ ಭಾರಜಲ ಮೈಯ ನೀರೆಲ್ಲದರ ಜೊತೆ ಬೆರೆತಿರುತ್ತದೆ. ಎಷ್ಟು ತೆಳುವಾಗಿದೆ ಎಂಬುದರಿಂದ ಒಟ್ಟು ನೀರು, ನೀರಿನಿಂದ ಕೊಬ್ಬುರಹಿತ ತೂಕ ಸಿಗುತ್ತದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಅದೇ ದಿನ ನಾಲ್ಕು ಮಡಿಕೆಗಳನ್ನೂ ಹಿಮೋಗ್ಲೋಬಿನ್‌ನ್ನೂ ಅಳೆಸಿಟ್ಟರೆ, ಮುಚ್ಚಳ ಬಿಗಿದ ಕೊಳವೆಗಳು ಬಸ್ಸಿನಲ್ಲಿ 220 ಕಿ.ಮೀ. ದೂರದ ಬೆಂಗಳೂರು ಸೇರಬಹುದು. ನೂರು ಹುಡುಗಿಯರ ಅಳತೆ ಒಮ್ಮೆ ಕುಯ್ಲಿನ ಹಂಗಾಮಿನಲ್ಲಿ, ಇನ್ನೊಮ್ಮೆ ಮಳೆಗಾಲದಲ್ಲಿ ಕೂಡಿಬಂದರೆ, ಮಡಿಕೆಯ ಮಿಲಿಮೀಟರಿನಿಂದ ಸ್ನಾಯುವಿನ ಕಿಲೋಗ್ರಾಮಿಗೆ ಹೋಗುವ ಸಮೀಕರಣವನ್ನು ಇಲ್ಲಿಯ ದೇಹಗಳಿಂದಲೇ ಬರೆಯಬಹುದು. ಆಮೇಲೆ ಕ್ಯಾಲಿಪರು ಒಂದಿದ್ದರೆ ಸಾಕು.